ಆಶ್ಲೇಷ ಮಳೆ, ಮೂರನೇ ಲೋಡು

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಮದ್ದೂರಿನ ಎಳನೀರು ಮಾರುಕಟ್ಟೆಯ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆಯ ಬದಿಗೆ ಒಂದು ಲಾರಿ ಪಂಕ್ಚರ್ ಆಗಿ ನಿಂತಿತ್ತು. ಅದರ ಟಾರ್ಪಾಲಿನ ಅಂಚಿನಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ನೆನೆದ ಕಲ್ಲಿದ್ದಲಿಗೆ ಅದರದೇ ಒಂದು ವಾಸನೆ ಇದೆ. ತುಕ್ಕು ಹಿಡಿದ ಕಬ್ಬಿಣ, ಸ್ವಲ್ಪ ಗಂಧಕ, ಎಲ್ಲಕ್ಕೂ ತಳದಲ್ಲಿ ಬತ್ತಿದ ಕೆರೆಯ ಕೆಸರು. ಆ ವಾಸನೆ ಬಂದಾಗಲೆಲ್ಲ ನನಗೆ ಒಂದು ವಾಕ್ಯ ನೆನಪಾಗುತ್ತದೆ. ‘ಪ್ರತಿ ಲೋಡಿನಲ್ಲೂ ಇಂಥ ಕಲ್ಲುಗಳು ಬರುತ್ತವೆ ಎಂದು ಸಿದ್ದರಾಜು ಹೇಳುತ್ತಾರೆ.’ ಬರೆದವಳು ನಾನು. ಆ ವಾಕ್ಯದಲ್ಲಿ ಒಂದು ಅಕ್ಷರವೂ ಸುಳ್ಳಲ್ಲ.

ವರ್ಷಗಳ ಹಿಂದೆ, ಅದನ್ನು ಬರೆದಾಗ, ನಾನು ಮಂಡ್ಯದಲ್ಲಿ ಪತ್ರಿಕೆಯೊಂದರ ಜಿಲ್ಲಾ ವರದಿಗಾರ್ತಿ. ಆ ವರ್ಷ ಪುನರ್ವಸು ಮಳೆಯಿಂದಲೇ ಮೋಡ ಬಿಡಲಿಲ್ಲ. ಕಬ್ಬಿನ ಗದ್ದೆಗಳಲ್ಲಿ ನೀರು ನಿಂತಿತ್ತು, ಆಲೆಮನೆಗಳಲ್ಲಿ ಹೊಗೆ ಮೇಲೇಳದೆ ರಸ್ತೆಯ ಮೇಲೆ ಮಲಗುತ್ತಿತ್ತು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಒಂದು ರಟ್ಟಿನ ಕಾರ್ಖಾನೆ ಇತ್ತು. ಅದರ ಹೆಸರು ಇಲ್ಲಿ ಬೇಡ. ಅದರ ಬಾಯ್ಲರ್‌ಗೆ ಬೇಸಿಗೆಯಲ್ಲಿ ಕಬ್ಬಿನ ಸಿಪ್ಪೆ ಹಾಕುತ್ತಿದ್ದರು. ಮಳೆಗಾಲದಲ್ಲಿ ಸಿಪ್ಪೆ ನೆನೆದು ಉರಿಯದೆ ಹೋದಾಗ ಲಾರಿಗಳಲ್ಲಿ ಕಲ್ಲಿದ್ದಲು ತರಿಸುತ್ತಿದ್ದರು. ಎಲ್ಲೋ ತೆಲಂಗಾಣದ ಕಡೆಯ ಗಣಿಯದು ಎನ್ನುತ್ತಿದ್ದರು.

ಶ್ರಾವಣ ಶುರುವಾಗುವ ಮೊದಲು ಮಳವಳ್ಳಿಯಿಂದ ಸರೋಜಮ್ಮ ಫೋನ್ ಮಾಡಿದರು. ಅವರು ಮೈಸೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಭೂವಿಜ್ಞಾನ ಕಲಿಸಿ ನಿವೃತ್ತರಾದವರು. ಹಿಂದೆ ಕಲ್ಲುಗಣಿಗಳ ಬಗ್ಗೆ ಬರೆಯುವಾಗ ನನಗೆ ಬಂಡೆಗಳ ಪಾಠ ಹೇಳಿದ್ದರು. ಪೀಠಿಕೆ ಹಾಕುವ ಅಭ್ಯಾಸ ಅವರಿಗಿಲ್ಲ.

“ಒಬ್ಬರು ಚೀಲ ಹೊತ್ತುಕೊಂಡು ಬಂದಿದ್ದಾರೆ. ನೀವು ಈಗಲೇ ಬನ್ನಿ. ನಾಳೆ ಬಂದರೆ ನನ್ನ ಕುತೂಹಲ ಹಳಸಿರುತ್ತೆ.”

ನಾನು ಹೋದಾಗ ಜಗಲಿಯಲ್ಲಿ ಐವತ್ತು ದಾಟಿದ ಒಬ್ಬರು ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಉಗುರಿನ ಸುತ್ತ ತೊಳೆದರೂ ಹೋಗದ ಕಪ್ಪು. ಕಾಲ ಬಳಿ ಯೂರಿಯಾ ಚೀಲ. ಅವರೇ ಸಿದ್ದರಾಜು, ಹಲಗೂರು ಹತ್ತಿರದ ಹಳ್ಳಿಯವರು, ರಟ್ಟಿನ ಕಾರ್ಖಾನೆಯ ಕಲ್ಲಿದ್ದಲ ಅಂಗಳದಲ್ಲಿ ಗುತ್ತಿಗೆ ಕೆಲಸ. ಲೋಡು ಸುರಿದ ಮೇಲೆ ಅದರಲ್ಲಿ ಬೆರೆತು ಬಂದ, ಉರಿಯದ ಕಲ್ಲನ್ನು ಕೈಯಿಂದ ಆರಿಸಿ ತೆಗೆಯುವುದು ಅವರ ಕೆಲಸ. ಹಾಗೆ ಆರಿಸಿದ ಒಂದು ಕಲ್ಲು ಸರೋಜಮ್ಮನ ತೊಡೆಯ ಮೇಲಿತ್ತು. ಬೂದು ಬಣ್ಣದ ಚಪ್ಪಟೆ ತುಂಡು. ಅದರ ಮೇಲೆ ಅಂಗೈ ಉದ್ದದ ಒಂದು ಎಲೆ, ಮಾವಿನ ಎಲೆಯಂತೆಯೇ, ಆದರೆ ತುದಿ ಮೊಂಡು. ನಡುನರದಿಂದ ಎರಡೂ ಕಡೆಗೆ ಸಣ್ಣ ನರಗಳು ಬಲೆಯ ಹಾಗೆ ಹೆಣೆದುಕೊಂಡಿದ್ದವು.

“ಮಳೆ ಒಡುದ್ ಮ್ಯಾಲೆ ಕಂಡುದ್ದು ಮೇಡಂ,” ಎಂದರು ಸಿದ್ದರಾಜು ನನಗೆ. “ಒಣಗ್ಲು ಇದ್ದಾಗ ಎಲ್ಲಾ ಕರ್ರಗೇ ಇರ್ತದೆ. ಆರಿದ್ರೆ ಮಳೆ ಬಂದು ಧೂಳ ತೊಳೀತು, ಎಲೆ ಎದ್ ಬಂತು. ಮೊದ್ಲು ವಿ.ಸಿ. ಫಾರಂ ಕೃಷಿ ಕಾಲೇಜ್ಗೆ ಓಗಿದ್ದೆ. ಎಲೆ ಅಲ್ವಾ, ಅವ್ರಿಗೆ ಗೊತ್ತಿರ್ತದೆ ಅಂತ. ಪಾಪ ಒಳ್ಳೆ ಜನ. ಭೂತಗನ್ನಡಿ ಇಡ್ದು ನೋಡುದ್ರು, ಕಾಫಿ ಕೊಟ್ರು. ‘ಇದು ನಮ್ ಬೆಳೆ ಅಲ್ಲ ಕಣಪ್ಪ’ ಅಂದ್ರು.”

“ಅವರು ಹೇಳಿದ್ದು ಸರಿ,” ಎಂದರು ಸರೋಜಮ್ಮ. “ಇದು ಯಾರ ಬೆಳೆಯೂ ಅಲ್ಲ. ಇದು ಬೆಳೆದಾಗ ಬೆಳೆಯೋರೇ ಇರಲಿಲ್ಲ.”

ಆ ಮಧ್ಯಾಹ್ನ ಅವರು ಹೇಳಿದ್ದನ್ನು ನಾನು ಬರೆದುಕೊಂಡೆ. ಪುಸ್ತಕ ಈಗಲೂ ಇದೆ. ಸುಮಾರು ಇಪ್ಪತ್ತೈದು ಕೋಟಿ ವರ್ಷಗಳ ಹಿಂದಿನ ಪರ್ಮಿಯನ್ ಎಂಬ ಕಾಲ. ಇಂಡಿಯಾ, ಆಫ್ರಿಕಾ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ ಎಲ್ಲ ಒಂದೇ ನೆಲವಾಗಿ ದಕ್ಷಿಣದಲ್ಲಿ ಅಂಟಿಕೊಂಡಿದ್ದವು. ಆ ನೆಲದ ಜೌಗಿನಲ್ಲಿ ಈ ಒಂದೇ ಜಾತಿಯ ಮರಗಳ ಕಾಡು, ಕಣ್ಣು ಹಾಯುವಷ್ಟು ದೂರ. ಗ್ಲಾಸಾಪ್ಟೆರಿಸ್ ಎಂದು ಅದರ ಹೆಸರು. ಎಲೆ ನಾಲಿಗೆಯ ಆಕಾರದಲ್ಲಿರುವುದರಿಂದ ಆ ಹೆಸರು. ಚಳಿಗಾಲಕ್ಕೆ ಎಲೆ ಉದುರಿಸುತ್ತಿದ್ದ ಮರ. ಉದುರಿದ ಎಲೆ ಜೌಗಿನಲ್ಲಿ ಕೊಳೆಯದೆ ಒಂದರ ಮೇಲೊಂದು ಕೂತು, ಮಣ್ಣು ಮುಚ್ಚಿ, ಒತ್ತಿ, ಕಲ್ಲಿದ್ದಲಾಯಿತು. ನಡುವೆ ಪ್ರವಾಹ ಬಂದು ಕೆಸರು ಹರಡಿದ ಕಡೆ ಎಲೆ ಉರಿಯದ ಕಲ್ಲಿನಲ್ಲಿ ಅಚ್ಚಾಗಿ ಉಳಿಯಿತು.

“ಅಂದ್ರೆ ಇದ್ಲೂ ಎಲೇನೇ, ಇದೂ ಎಲೇನೇ,” ಎಂದರು ಸಿದ್ದರಾಜು.

“ಹೌದು. ಅದರಲ್ಲಿ ಎಲೆ ಇದೆ, ಗುರುತು ಇಲ್ಲ. ಇದರಲ್ಲಿ ಗುರುತು ಇದೆ, ಎಲೆ ಇಲ್ಲ.”

“ನಮ್ಮ್ ಬೆಟ್ಟದ್ ಕಲ್ನಲ್ಲಿ ಯಾಕೆ ಸಿಕ್ಕಲ್ಲ ಇಂಥವು?”

“ಮಂಡ್ಯದ ಬಂಡೆ ಇದಕ್ಕಿಂತ ಹತ್ತು ಪಾಲು ಹಳೇದು ಸಿದ್ದರಾಜು. ಅದು ಹುಟ್ಟಿದಾಗ ಎಲೆ ಅನ್ನೋದೇ ಇರಲಿಲ್ಲ. ನಮ್ಮ ನೆಲದಲ್ಲಿ ಇದನ್ನ ನೋಡಬೇಕು ಅಂದರೆ ಲಾರೀಲೇ ಬರಬೇಕು.”

ಕಾಡು ಏನಾಯಿತು ಎಂದು ಸಿದ್ದರಾಜು ಕೇಳಿದರು. ಸರೋಜಮ್ಮ ಹೇಳಿದರು. ಉತ್ತರದಲ್ಲಿ, ಈಗ ಸೈಬೀರಿಯಾ ಎನ್ನುವ ಕಡೆ, ನೆಲ ಬಿರಿದು ಲಾವಾ ಉಕ್ಕತೊಡಗಿತು. ಒಂದು ದಿನವಲ್ಲ, ಲಕ್ಷಾಂತರ ವರ್ಷ. ಅದು ಮೇಲೆ ಬರುವ ದಾರಿಯಲ್ಲಿ ಹಳೆಯ ಕಲ್ಲಿದ್ದಲ ಪದರಗಳಿದ್ದವು. ಅವೂ ಹೊತ್ತಿಕೊಂಡವು.

“ಅಷ್ಟೊಂದ್ ಇದ್ಲು ಉರುದ್ರೆ ಒಗೆ ಎಲ್ಗೋಗದು?” ಎಂದರು ಸಿದ್ದರಾಜು. ಅದು ಬಾಯ್ಲರ್ ಕೆಲಸದವನ ಪ್ರಶ್ನೆ.

“ಎಲ್ಲಿಗೂ ಹೋಗಲಿಲ್ಲ. ಅದೇ ತೊಂದರೆ ಆಗಿದ್ದು.”

ಗಾಳಿ ಬಿಸಿಯಾಯಿತು, ಸಮುದ್ರ ಬಿಸಿಯಾಯಿತು, ನೀರಿನಲ್ಲಿ ಉಸಿರು ಕಡಿಮೆಯಾಯಿತು. ಕಡಲಿನ ಹತ್ತು ಜಾತಿಗಳಲ್ಲಿ ಒಂಬತ್ತರಷ್ಟು ಹೋದವು. ನೆಲದ ಮೇಲೆ ಹಂದಿಯಷ್ಟು ದೊಡ್ಡ, ಎರಡು ಕೋರೆಯ ಒಂದು ಪ್ರಾಣಿ ಉಳಿಯಿತು. ಅದೇ ಯಾಕೆ ಉಳಿಯಿತು ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಾಲಿಗೆ ಎಲೆಯ ಕಾಡು ಉಳಿಯಲಿಲ್ಲ. ಆಮೇಲೆ ಎಷ್ಟೋ ಲಕ್ಷ ವರ್ಷಗಳ ಕಾಲ ಭೂಮಿಯ ಮೇಲೆ ಎಲ್ಲೂ ಕಲ್ಲಿದ್ದಲೇ ಆಗಲಿಲ್ಲ. ಆಗುವುದಕ್ಕೆ ಬೇಕಾದ ಕಾಡು ಇರಲಿಲ್ಲ.

ಸಿದ್ದರಾಜು ಮುಂದೆ ಬಾಗಿ ಎಲೆಯನ್ನು ನೋಡಿದರು. ಆಮೇಲೆ, “ಒಂದೂ ಉಳೀನಿಲ್ವಾ ಮೇಡಂ? ಎಲ್ಲಾರ ಒಂದ್ ಕಾಡ್ನಲ್ಲಿ?” ಎಂದರು.

“ಇಲ್ಲ.”

“ಎಂಗೆ ಗೊತ್ತಾಗದು ಇಲ್ಲ ಅಂತ?”

“ಹುಡುಕಿದ್ದಾರೆ. ಪದರ ಪದರ ಬಿಡಿಸಿ ಹುಡುಕಿದ್ದಾರೆ. ಒಂದು ದೇಶದಲ್ಲಲ್ಲ. ಒಂದು ಗೆರೆಯ ಕೆಳಗೆ ರಾಶಿ ರಾಶಿ ಎಲೆ, ಗೆರೆಯ ಮೇಲೆ ಇಲ್ಲ. ಒಂದೆರಡು ಕಡೆ ಮೇಲೂ ಸಿಕ್ಕಿತು ಅಂತಾರೆ, ಅದರ ಬಗ್ಗೆ ಇನ್ನೂ ಜಗಳ ಇದೆ. ಜಗಳ ಆಡೋಷ್ಟು ಹುಡುಕಿದ ಮೇಲೇನೇ ಇಲ್ಲ ಅನ್ನೋದು. ಸುಮ್ಮನೆ ಇಲ್ಲ ಅನ್ನೋ ಹಾಗಿಲ್ಲ.”

ಅಂಥ ಎಲೆಕಲ್ಲುಗಳನ್ನು ಸಿದ್ದರಾಜು ಹದಿನಾಲ್ಕು ಕೂಡಿಸಿಟ್ಟಿದ್ದರು. ಅವು ಹಲಗೂರಿನ ಕಡೆಯ ಒಂದು ಶಾಲೆಗೆ ಹೋಗಬೇಕು ಎಂಬುದು ಅವರ ಆಸೆ. ಮುಖ್ಯೋಪಾಧ್ಯಾಯರನ್ನು ಕೇಳಿಯೂ ಇದ್ದರು. ಆಟದಲ್ಲಿ ಗೆದ್ದ ಕಪ್ಪುಗಳನ್ನಿಟ್ಟ ಗಾಜಿನ ಬೀರುವಿನಲ್ಲಿ ಎರಡು ಅಂಕಣ ಖಾಲಿ ಮಾಡಿಸಬಹುದು, ಆದರೆ ಕಮಿಟಿಯವರು ಒಪ್ಪಬೇಕು, ಪೇಪರಿನಲ್ಲಿ ಬಂದರೆ ಒಪ್ಪುತ್ತಾರೆ ಎಂದಿದ್ದರಂತೆ. ಸರೋಜಮ್ಮ ನನ್ನನ್ನು ಕರೆದದ್ದು ಅದಕ್ಕೆ. ಅವರು ಆಗಲೇ ಹದಿನಾಲ್ಕು ಬಿಳಿ ಚೀಟಿಗಳನ್ನು ಕತ್ತರಿಸಿ, ದುಂಡಗಿನ ಅಕ್ಷರದಲ್ಲಿ ಎಲೆಯ ಹೆಸರು, ಕಾಲ, ಕೆಳಗೆ ‘ಆರಿಸಿದವರು: ಸಿದ್ದರಾಜು’ ಎಂದು ಬರೆದಿಟ್ಟಿದ್ದರು.

ಎರಡು ದಿನ ಬಿಟ್ಟು ಅಂಗಳಕ್ಕೆ ಹೋದೆ. ಆಶ್ಲೇಷ ಮಳೆ ಹಿಡಿದಿತ್ತು. ಕಲ್ಲಿದ್ದಲ ಗುಡ್ಡೆಯಿಂದ ಮಸಿ ನೀರು ಹರಿದು ಕಾಲುವೆಯ ಕಡೆ ಹೋಗುತ್ತಿತ್ತು. ಗೋಣಿಚೀಲದ ಕೊಪ್ಪೆ ಹಾಕಿಕೊಂಡ ಐದಾರು ಹೆಂಗಸರು ಬಾಂಡ್ಲಿಯಲ್ಲಿ ಕಲ್ಲು ಹೊರುತ್ತಿದ್ದರು. ಅವರಲ್ಲಿ ಹಿರಿಯಳಾದ ಕೆಂಪಮ್ಮ ನನ್ನನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟಳು.

“ಬಾ ಕಣವ್ವ. ಎಲೆ ನೋಡಕೆ ಬಂದ್ಯಾ? ಲೇ ಸಿದ್ದ, ಎಲೆ ಎಲೆ ಅಂತಿದ್ಯಲ್ಲ, ಬಂದೋರ್ಗೆ ಅಡಿಕೆ ಸುಣ್ಣನೂ ತಂದಿಡ್ಲಾ.”

“ನೀನ್ ಸುಮ್ಕಿರು ಕೆಂಪಕ್ಕ.”

“ನಾನ್ಯಾಕ್ ಸುಮ್ಕಿರ್ಲಿ? ನಂಗೂ ಕಣ್ಣದೆ. ಮೂರ್ ಎಲೆ ನಾನ್ ತೆಗ್ದಿದ್ದು. ಚೀಟೀಲಿ ನನ್ನೆಸ್ರು ಎಲ್ಲದೆ?”

ಆ ಅಂಗಳದಲ್ಲಿ ಒಂದು ರೂಢಿ ಇತ್ತು. ಆರಿಸಿದ ಕಲ್ಲನ್ನು ಲೋಡಿನ ಪ್ರಕಾರ ಬೇರೆ ಬೇರೆ ಗುಡ್ಡೆ ಹಾಕಿ, ಮೇಲಿನ ಒಂದು ಕಲ್ಲಿಗೆ ಹಳದಿ ಬಣ್ಣದಲ್ಲಿ ಗುರುತು ಬರೆಯಬೇಕು. ಮೇಸ್ತ್ರಿ ನೋಡಿದ ಮೇಲೆ ಹಿಂದಿನ ಹಳ್ಳಕ್ಕೆ ಸುರಿಯಬೇಕು. ರಿಜಿಸ್ಟರಿನಲ್ಲಿ ತಾರೀಖು ಇರುತ್ತಿತ್ತು, ಅಂಗಳದ ಜನ ಮಾತ್ರ ಮಳೆಯ ಹೆಸರಿನಿಂದಲೇ ಲೆಕ್ಕ ಹಿಡಿಯುತ್ತಿದ್ದರು. ಪುಷ್ಯ ಮಳೆಯ ಒಂದನೇ ಲೋಡು, ಎರಡನೇ ಲೋಡು, ಹಾಗೆ. ಸಿದ್ದರಾಜು ತಮ್ಮ ಎಲೆಕಲ್ಲು ಒಂದೊಂದರ ಬೆನ್ನಿಗೂ ಅದೇ ಗುರುತು ಹಾಕಿದ್ದರು. ಯಾವ ಎಲೆ ಯಾವತ್ತು ಬಂತು ಎಂಬುದು ಮರೆಯಬಾರದಲ್ಲ ಎಂದರು. ಯಾವ ವಿಜ್ಞಾನಿಯಾದರೂ ಅದನ್ನೇ ಮಾಡುತ್ತಾನೆ ಎಂದು ಸರೋಜಮ್ಮ ಮೆಚ್ಚಿಕೊಂಡಿದ್ದರು.

ಹಳೆಯ ತೂಕದ ಕೋಣೆಯ ಕಟ್ಟೆಯ ಮೇಲೆ ಹದಿನಾಲ್ಕೂ ಇದ್ದವು, ಗೋಣಿತಟ್ಟಿನ ಕೆಳಗೆ, ಮಲಗಿಸಿದ ಮಕ್ಕಳ ಹಾಗೆ ಸಾಲಾಗಿ. ಅವುಗಳಲ್ಲಿ ಚೆಂದದ್ದನ್ನು ಸಿದ್ದರಾಜು ತೆಗೆದು ನನ್ನ ಕೈಗೆ ಕೊಟ್ಟರು. ಮೂರು ಎಲೆ ಒಂದರ ಮೇಲೊಂದು ಬಿದ್ದಿದ್ದವು, ನಿನ್ನೆ ಉದುರಿದ ಹಾಗೆ. ಬೆನ್ನ ಮೇಲೆ ಹಳದಿಯಲ್ಲಿ ‘ಆಸ್ಲೆ ೩’.

“ಮೇಡಂ, ಒಂದ್ ಮಾತು,” ಎಂದರು. “ನನ್ನೆಸ್ರು ಬರೀರಿ. ಬೇಕಾರೆ ಫೋಟೋನೂ ತಕ್ಕಳಿ. ಆದ್ರೆ ಕಲ್ಲು ಅಂತ ಬರೀಬ್ಯಾಡಿ. ಎಲೆ ಅಂತ ಬರೀರಿ.”

“ಯಾಕೆ?”

“ಕಲ್ಲು ಅಂದ್ರೆ ಇಲ್ಲಿ ಬ್ಯಾರೆ ಮಾತಾಯ್ತದೆ. ಇದ್ಲು ತರ್ಸೋರು ಮ್ಯಾನೇಜರ್ ಭಾಮೈದ. ಕಲ್ಲು ಬತ್ತದೆ ಅಂತ ಎಲ್ರಿಗೂ ಗೊತ್ತು, ಯಾರೂ ಆಡಲ್ಲ. ನಾನೂ ಆಡಲ್ಲ. ನಂಗೆ ಎಲೆ ಶಾಲೆಗೆ ಓದ್ರೆ ಸಾಕು.”

ಎಲೆ ಅಂತಲೇ ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಲೋಡಿಗೆ ಎಷ್ಟು ಕಲ್ಲು ಬರುತ್ತದೆ ಎಂದು ನಾನು ಕೇಳಲಿಲ್ಲ. ಅವರೇ ಎಲೆ ಸಿಗುವುದು ಎಷ್ಟು ಅಪರೂಪ ಎಂದು ತಿಳಿಸಲು, “ಲೋಡ್ಗೆ ಏಳೆಂಟ್ ಬಾಂಡ್ಲಿ ಕಲ್ಲು ಬತ್ತದೆ, ಅದ್ರಲ್ಲಿ ಒಂದ್ರಲ್ಲಿ ಎಲೆ ಇದ್ರೆ ಇತ್ತು, ಇಲ್ದೆ ಓದ್ರೆ ಇಲ್ಲ,” ಎಂದರು. ಕೇಳಿದ್ದನ್ನೆಲ್ಲ ಬರೆದುಕೊಳ್ಳುವುದು ಅಭ್ಯಾಸ. ಬರೆದುಕೊಂಡೆ. ಕಲ್ಲಿನ ಎರಡೂ ಮಗ್ಗುಲ ಫೋಟೋ ತೆಗೆದೆ. ಅದೂ ಅಭ್ಯಾಸ. ಅಳತೆ ನೋಡಲೆಂದು ಆ ಒಂದು ಕಲ್ಲನ್ನು ಅವರ ಒಪ್ಪಿಗೆ ಕೇಳಿ ಜೊತೆಗೆ ತಂದೆ.

ಸಂಜೆ ಮಂಡ್ಯದಿಂದ ವರದಿ ಕಳಿಸಿದೆ. ಮೊದಲ ವಾಕ್ಯ ಎಲೆಯ ಬಗ್ಗೆ. ಎರಡನೆಯದು ಕಾಡಿನ ಬಗ್ಗೆ. ಆಮೇಲೆ ಸಿದ್ದರಾಜು, ಸರೋಜಮ್ಮ, ಶಾಲೆಯ ಬೀರು. ಏಳು ಗಂಟೆಗೆ ಡೆಸ್ಕಿನಿಂದ ಫೋನ್ ಬಂತು. ಆ ದಿನ ಪುಟ ನೋಡುತ್ತಿದ್ದವರು ನನಗಿಂತ ಹಿರಿಯರು, ಒಳ್ಳೆಯ ಉಪಸಂಪಾದಕರು. ಇದನ್ನು ನಾನು ಈಗಲೂ ಹೇಳುತ್ತೇನೆ.

“ಚೆನ್ನಾಗಿದೆ. ಆದರೆ ಇದು ವಿಜ್ಞಾನ ಪುಟಕ್ಕೆ ಹೋಗಬೇಕಾದದ್ದು, ನಮ್ಮಲ್ಲಿ ವಿಜ್ಞಾನ ಪುಟ ಇಲ್ಲ. ಅದಿರಲಿ, ಕಲ್ಲಿದ್ದಲಲ್ಲಿ ಕಲ್ಲು ಹೇಗೆ ಬಂತು?”

“ಗಣಿಯಲ್ಲೇ ಬೆರೆತು ಬರುತ್ತೆ.”

“ಲೋಡಿಗೆ ಎಷ್ಟು?”

“ಏಳೆಂಟು ಬಾಂಡ್ಲಿ ಅಂದರು.”

“ಅದನ್ನ ಹಾಕಿಲ್ವಲ್ಲ.”

“ಅದು ಈ ವರದಿಯ ವಿಷಯ ಅಲ್ಲ.”

“ಓದುಗ ಕೇಳೋ ಪ್ರಶ್ನೆಗೆ ವರದಿಯಲ್ಲಿ ಉತ್ತರ ಇರಬೇಕು ಅಂತ ಹೊಸಬರಿಗೆ ಪಾಠ ಹೇಳೋರು ನೀವೇ ಅಲ್ವೇನ್ರೀ?”

ಹೌದು, ನಾನೇ. ಗೊತ್ತಿರುವ ಸಂಗತಿಯನ್ನು ಮುಚ್ಚಿಡುವುದು ನಮ್ಮ ಕೆಲಸವಲ್ಲ ಎಂದು ಎಷ್ಟು ಸಲ ಹೇಳಿದ್ದೇನೋ. ‘ಪ್ರತಿ ಲೋಡಿನಲ್ಲೂ ಇಂಥ ಕಲ್ಲುಗಳು ಬರುತ್ತವೆ’ ಎಂದು ಶುರುವಾಗುವ ಒಂದು ಪ್ಯಾರಾ ಸೇರಿಸಿದೆ. ಆದರೆ ಕಟ್ಟಕಡೆಗೆ ಸೇರಿಸಿದೆ. ಪತ್ರಿಕೆಯಲ್ಲಿ ಜಾಗ ಸಾಲದಾಗ ಕತ್ತರಿ ಬೀಳುವುದು ಕೊನೆಯ ಪ್ಯಾರಾಕ್ಕೆ. ಅಂದು ಜಿಲ್ಲಾ ಪುಟದಲ್ಲಿ ಜಾಹೀರಾತು ತುಂಬಿದೆ ಎಂದು ನನಗೆ ಗೊತ್ತಿತ್ತು. ಬರೆದದ್ದೂ ಆಗುತ್ತದೆ, ಅಚ್ಚಾಗುವುದೂ ಇಲ್ಲ ಎಂದು ಲೆಕ್ಕ ಹಾಕಿದೆ. ಸಿದ್ದರಾಜುಗೆ ಕೊಟ್ಟ ಮಾತು, ವೃತ್ತಿಯ ನಿಯಮ, ಎರಡನ್ನೂ ಒಂದೇ ಉಪಾಯದಲ್ಲಿ ಉಳಿಸಿಕೊಂಡೆ ಅನ್ನಿಸಿ ಆ ಸಂಜೆ ನೆಮ್ಮದಿಯಾಗಿ ಊಟ ಮಾಡಿದೆ.

ಬೆಳಿಗ್ಗೆ ಪತ್ರಿಕೆ ತೆರೆದಾಗ ಕೊನೆಯ ಪ್ಯಾರಾ ಮೊದಲನೆಯದಾಗಿತ್ತು. ಜಾಗ ಸಾಲದೆ ಕತ್ತರಿ ಬಿದ್ದದ್ದು ನಿಜ. ಬಿದ್ದದ್ದು ಕಾಡಿನ ಮೇಲೆ, ಸೈಬೀರಿಯಾದ ಮೇಲೆ, ಶಾಲೆಯ ಬೀರುವಿನ ಮೇಲೆ. ‘ಬಾಯ್ಲರ್‌ಗೆ ಕಳಪೆ ಕಲ್ಲಿದ್ದಲು: ಲೋಡಿಗೆ ಏಳೆಂಟು ಬಾಂಡ್ಲಿ ಕಲ್ಲು’ ಎಂದು ತಲೆಬರಹ. ಕೆಳಗೆ ಸಿದ್ದರಾಜು ಅವರ ಪೂರ್ತಿ ಹೆಸರು. ನಾನು ಕಳಿಸಿದ ಎರಡು ಫೋಟೋಗಳಲ್ಲಿ ಡೆಸ್ಕ್ ಆರಿಸಿದ್ದು ಬೆನ್ನಿನದು. ಹಳದಿ ಗುರುತು ಸಾಕ್ಷ್ಯದ ಹಾಗೆ ಎದ್ದು ಕಾಣುತ್ತಿತ್ತು. ಎಲೆ ಎಂಬ ಮಾತು ಇಡೀ ವರದಿಯಲ್ಲಿ ಒಂದು ಕಡೆ ಉಳಿದಿತ್ತು, ‘ಕೆಲವು ಕಲ್ಲುಗಳ ಮೇಲೆ ಎಲೆಯಂಥ ಗುರುತುಗಳೂ ಇವೆ’ ಎಂದು.

ಡೆಸ್ಕಿಗೆ ಫೋನ್ ಮಾಡಿದೆ. ಯಾವುದು ತಪ್ಪು ಹೇಳಿ, ನಾಳೆ ತಿದ್ದುಪಡಿ ಹಾಕೋಣ ಎಂದರು. ವರದಿಯನ್ನು ಮತ್ತೆ ಓದಿದೆ. ತಿದ್ದುಪಡಿ ಹಾಕುವಂಥ ತಪ್ಪು ಒಂದೂ ಇರಲಿಲ್ಲ.

ಮಘೆ ಮಳೆಯ ಎರಡನೇ ದಿನ ಕಾರ್ಖಾನೆಯ ಗೇಟಿಗೆ ಹೋದೆ. ಒಳಗೆ ಬಿಡಲಿಲ್ಲ. ಮಧ್ಯಾಹ್ನ ಊಟಕ್ಕೆ ಹೊರಗೆ ಬಂದ ಕೆಂಪಮ್ಮ ನನ್ನನ್ನು ರಸ್ತೆಯಾಚೆ ಹೊಂಗೆ ಮರದ ಕೆಳಗೆ ಕರೆದೊಯ್ದಳು. ಆ ದಿನ ತಮಾಷೆ ಇರಲಿಲ್ಲ.

“ರಿಜಿಸ್ಟರ್ ತಗ್ದು ಆಸ್ಲೆ ಮೂರ್ನೆ ಲೋಡು ಯಾವ್ದು ಅಂತ ನೋಡುದ್ರು. ಲಾರಿ ನಂಬ್ರನೂ ಸಿಕ್ತು. ಮ್ಯಾನೇಜರ್ ಬಂದ, ಭಾಮೈದನೂ ಬಂದ. ಸಿದ್ದನ್ನ ಕರ್ಸುದ್ರು. ‘ಕಲ್ಲೇ ಬಂದಿಲ್ಲ ಅಂತ ಬರ್ಕೊಡು, ಆ ಕಲ್ನೆಲ್ಲ ನೀನೇ ಕ್ರಷರ್ಗಾಕು, ಕೆಲ್ಸ ಇರ್ತದೆ’ ಅಂದ್ರು.”

“ಸಿದ್ದರಾಜು ಏನಂದರು?”

“ಏನಂದಾನು? ಒಂದ್ ಮಾತು ಕೇಳ್ದ. ‘ಆಳದಲ್ ಊತಾಕ್ಲಾ, ಪುಡಿ ಮಾಡದ್ ಬ್ಯಾಡ’ ಅಂದ. ಆಗಲ್ಲ ಅಂದ್ರು. ಒಂದೊಂದೇ ತಕ್ಕಂಡೋದ ಕಣವ್ವ. ಬಾಂಡ್ಲೀಲಿ ಒಟ್ಗೆ ಸುರೀಬೌದಿತ್ತು. ಸುರೀನಿಲ್ಲ. ಒಂದೊಂದ್ನೂ ತಿರುಗ್ಸಿ ಬೆನ್ ಮ್ಯಾಲಿರದ ಓದಿ ಆಕ್ದ. ಪುನರ್ಪೂಸೆ ಒಂದು. ಪುಷ್ಯ ನಾಕು. ಅಂಗೆ. ಅದಿಮೂರು. ಆಮ್ಯಾಕೆ ಅದು ಇದ್ಲು ಜೊತೆ ಬಾಯ್ಲರ್ಗೇ ಓಯ್ತು.”

ಊಟದ ಗಂಟು ಬಿಚ್ಚುತ್ತ ಕೇಳಿದಳು. “ಆವಮ್ಮ ಏಳುದ್ಲಂತಲ್ಲ, ಎಲ್ಲಾ ಸತ್ತೋದಾಗ ಅಂದಿಯಂಥದೊಂದು ಉಳ್ಕತ್ತು ಅಂತ. ಸಿದ್ದ ಏಳ್ತಿದ್ದ.”

“ಹೌದು.”

ಕೆಂಪಮ್ಮ ಗೇಟಿನ ಒಳಗಿನ ಆಫೀಸಿನ ಕಡೆ ನೋಡಿ ನೆಲಕ್ಕೆ ಉಗಿದಳು. “ಯಾವ್ ಕಾಲ್ದಲ್ಲೂ ಅವೇ ಉಳಿಯದು ಬುಡು.”

ಅಂದು ಸಂಜೆ ಸಿದ್ದರಾಜು ಅವರ ಮನೆಗೆ ಹೋದೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಪಕ್ಕದಲ್ಲಿ ಅಂಬೇಡ್ಕರ್ ಅವರದು. ಕೆಳಗಿನ ಗೂಡಿನಲ್ಲಿ ಸರೋಜಮ್ಮನ ಚೀಟಿಗಳು, ಪ್ಲಾಸ್ಟಿಕ್ ಕವರಿನಲ್ಲಿ. ಅವರ ಹೆಂಡತಿ ನನಗೆ ಕುರ್ಚಿ ಹಾಕಿ ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ವರದಿ ಹಾಗೆ ಬಂದದ್ದು ಹೇಗೆ ಎಂದು ನಾನು ವಿವರಿಸತೊಡಗಿದೆ. ಡೆಸ್ಕು, ಕೊನೆಯ ಪ್ಯಾರಾ, ಜಾಹೀರಾತು. ಅವರು ಮರ್ಯಾದೆಯಿಂದ ಕೇಳಿಸಿಕೊಂಡರು. ನಡುವೆ ಒಂದು ಸಲ, “ನೀವು ಕಡೇಲಿ ಬರ್ದುದ್ದ ಅವ್ರು ಮೊದ್ಲಿಗೆ ಆಕುದ್ರು,” ಎಂದರು, ಸರಿಯಾಗಿ ಅರ್ಥವಾಯಿತೇ ಎಂದು ನೋಡಿಕೊಳ್ಳುವವರ ಹಾಗೆ.

“ಹೌದು.”

“ಬರೀದೆ ಇದ್ದಿದ್ರೆ ಆಕ್ತಿರ್ನಿಲ್ಲ.”

“ಇಲ್ಲ.”

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಹೊರಡುವಾಗ ಬಾಗಿಲಲ್ಲಿ ಕೇಳಿದರು.

“ನಿಮ್ಮತ್ರ ಇರದು ಜ್ವಾಪಾನ ಮೇಡಂ. ಅದೊಂದೇ ಈಗ.”

“ಆಫೀಸಿನಲ್ಲಿದೆ. ಭದ್ರವಾಗಿದೆ,” ಎಂದೆ.

ಅದೂ ಸುಳ್ಳಲ್ಲ. ಕಲ್ಲಿದ್ದಲು ತರಿಸುವವರು ಪತ್ರಿಕೆಗೆ ಲಾಯರ್ ನೋಟಿಸ್ ಕೊಟ್ಟಿದ್ದರು. ಸಾಕ್ಷ್ಯವನ್ನು ಕಳಿಸಿಕೊಡಿ ಎಂದು ಕೇಂದ್ರ ಕಚೇರಿಯಿಂದ ಹೇಳಿದ್ದರು. ಹಿಂದಿನ ದಿನವೇ ಹಳೆಯ ಪತ್ರಿಕೆಗಳಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಪತ್ರಿಕೆ ತರುವ ವ್ಯಾನಿನಲ್ಲಿ ಕಳಿಸಿದ್ದೆ. ಪೆಟ್ಟಿಗೆಯ ಮೇಲೆ ನೋಟಿಸಿನ ನಂಬರು ಬರೆದಿದ್ದೆ. ಎಲೆ ಎಂದು ಬರೆದಿರಲಿಲ್ಲ.

ನೋಟಿಸ್ ಮುಂದುವರಿಯಲಿಲ್ಲ. ಹುಬ್ಬೆ ಮಳೆಯ ಹೊತ್ತಿಗೆ ಎಲ್ಲರೂ ಅದನ್ನು ಮರೆತರು. ಶಾಲೆಯ ಬೀರುವಿನಲ್ಲಿ ಕಪ್ಪುಗಳು ಹಾಗೇ ಉಳಿದವು. ಸಿದ್ದರಾಜು ಅವರಿಗೆ ಆ ತಿಂಗಳು ಕೆಲಸ ಇತ್ತು. ಮುಂದಿನ ತಿಂಗಳು ‘ಕರೆದಾಗ ಬಾ’ ಎಂದರು. ಕರೆಯಲಿಲ್ಲ. ಸರೋಜಮ್ಮ ನನ್ನ ಜೊತೆ ಮಾತು ಬಿಡಲಿಲ್ಲ, ಆದರೆ ಆಮೇಲೆ ಒಂದು ಸಲವೂ ಅವರಾಗಿ ಫೋನ್ ಮಾಡಲಿಲ್ಲ. ಹಸ್ತ ಮಳೆಯಲ್ಲಿ ನನಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಜಿಲ್ಲೆಯ ಆ ವರ್ಷದ ಒಳ್ಳೆಯ ವರದಿಗಳಲ್ಲಿ ಒಂದೆಂದು ಕಚೇರಿಯ ಸಭೆಯಲ್ಲಿ ಆ ಕಲ್ಲಿನ ವರದಿಯನ್ನು ಓದಿದರು. ನಾನು ಎದ್ದು ನಿಲ್ಲಬೇಕಾಯಿತು. ನಿಂತೆ.

ಸಿದ್ದರಾಜು ಈಗ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿದ್ದಾರೆ ಎಂದು ಯಾರೋ ಹೇಳಿದ್ದರು. ಲಾರಿಯ ಕಪ್ಪು ನೀರನ್ನು ನೋಡುತ್ತ ನಿಂತಾಗ ಅದು ನೆನಪಾಯಿತು. ಬಸ್ಸು ಬಂತು, ಹತ್ತಲಿಲ್ಲ.

ಮಾರುಕಟ್ಟೆಯ ಒಳಗೆ ಮೂರನೇ ಸಾಲಿನಲ್ಲಿ ಸಿಕ್ಕರು. ಎಳನೀರ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಒಂದೊಂದು ಕಾಯನ್ನೂ ಎತ್ತಿ, ಬೆರಳಿನಿಂದ ತಟ್ಟಿ, ಬಲಿತದ್ದನ್ನು ಆಚೆಗೆ ಹಾಕುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಉಗುರಿನ ಸುತ್ತಲ ಕಪ್ಪೂ ಹೋಗಿತ್ತು. ನನ್ನನ್ನು ತಕ್ಷಣ ಗುರುತು ಹಿಡಿದರು.

“ಬನ್ನಿ ಮೇಡಂ. ಎಂಗಿದ್ದೀರಿ?” ಒಂದು ಕಾಯಿ ಎತ್ತಿ ಮಚ್ಚಿನಿಂದ ಮೂತಿ ಕೊಚ್ಚಿ ಕೈಗೆ ಕೊಟ್ಟರು. ಹಣದ ಮಾತೆತ್ತಿದರೆ ಕೈ ಅಲ್ಲಾಡಿಸಿದರು.

ಕಾರ್ಖಾನೆ ಮುಚ್ಚಿದೆ ಎಂದರು. ಕೆಂಪಮ್ಮ ಮಗಳ ಊರಿಗೆ ಹೋದಳು ಎಂದರು. ಚೀಟಿಗಳು ಇನ್ನೂ ಇವೆಯಂತೆ. ಮಳೆ ಶುರುವಾದಾಗ ತಂಡಿ ಹಿಡಿಯದ ಹಾಗೆ ಗೂಡಿನಿಂದ ತೆಗೆದು ಟ್ರಂಕಿನಲ್ಲಿಡುತ್ತಾರಂತೆ. ಆಮೇಲೆ, ಕಾಯಿ ತಟ್ಟುತ್ತಲೇ, ನನ್ನ ಕಡೆ ನೋಡದೆ ಕೇಳಿದರು.

“ಆ ಎಲೆ ಈಗೆಲ್ಲದೆ ಮೇಡಂ? ಆಸ್ಲೆ ಮೂರು?”

ಆಫೀಸು ಹೊಸ ಕಟ್ಟಡಕ್ಕೆ ಹೋಯಿತು, ಹಳೆಯ ಫೈಲುಗಳನ್ನೂ ಸಾಮಾನನ್ನೂ ತೆರವು ಮಾಡಿದರು, ಅದರಲ್ಲಿ ಹೋಗಿರಬೇಕು ಎಂದೆ. ಅದು ಈಗ ಇಲ್ಲ ಎಂದೆ.

ಅವರ ಕೈ ನಿಂತಿತು.

“ಎಲ್ಲಾ ಕಡೆ ಹುಡುಕ್ಸುದ್ರಾ?”

ಸರೋಜಮ್ಮನ ಜಗಲಿ, ಆ ಮಳೆ, ಪದರ ಪದರ ಬಿಡಿಸಿ ಹುಡುಕಿದವರ ಮಾತು, ಎಲ್ಲ ನಮ್ಮಿಬ್ಬರ ನಡುವೆ ಇತ್ತು. ಬೇರೆ ಉತ್ತರ ಕೊಡಬಹುದಿತ್ತು. ಪರಿಶೀಲಿಸಲು ಅವರಿಗೆ ದಾರಿಯಿರಲಿಲ್ಲ.

“ಒಂದು ಸಲ ಫೋನ್ ಮಾಡಿ ಕೇಳಿದ್ದೆ,” ಎಂದೆ.

“ಒಂದ್ ಸಲ,” ಎಂದರು ಸಿದ್ದರಾಜು.

ರಾಶಿಯಿಂದ ಮುಂದಿನ ಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದು ತಟ್ಟಿದರು. ಅದನ್ನು ಆಚೆಗೆ ಹಾಕಿ ಇನ್ನೊಂದನ್ನು ಎತ್ತಿಕೊಂಡರು. ನಾನು ಎಳನೀರು ಕುಡಿದು ಮುಗಿಸುವವರೆಗೂ ಮತ್ತೆ ತಲೆ ಎತ್ತಲಿಲ್ಲ.